ಗುಜರಿಯಿಂದ ಎದ್ದುಬರುವ ಕ್ರೂಸರ್ ಸೈಕಲ್: ಹೆಸರಿಗಿಂತ ಅಳತೆಯೇ ಮುಖ್ಯ

ದಪ್ಪನೆಯ ಟೈರು, ಸವಾರನತ್ತ ಬಾಗಿದ ಅಗಲವಾದ ಹ್ಯಾಂಡಲ್, ಸ್ಪ್ರಿಂಗ್ ಇರುವ ಸೀಟು, ಕಮಾನಿನಂತೆ ಬಳುಕಿದ ಉಕ್ಕಿನ ಫ್ರೇಮ್. ಇವಿಷ್ಟು ಕ್ರೂಸರ್ ಸೈಕಲ್ಲಿನ ಲಕ್ಷಣಗಳು. ವೇಗಕ್ಕಿಂತ ನೆಮ್ಮದಿಯ ಸವಾರಿಗೆ ಹೆಸರಾದ ಈ ಸೈಕಲ್ಲನ್ನು ಅಂಗಡಿಯಲ್ಲಿ ಕೊಳ್ಳುವ ಬದಲು, ಗುಜರಿಯಲ್ಲಿ ಸಿಕ್ಕ ಹಳೆಯ ಫ್ರೇಮ್‌ಗೆ ಬೇರೆ ಬೇರೆ ಸೈಕಲ್‌ಗಳ ಬಿಡಿಭಾಗಗಳನ್ನು ಜೋಡಿಸಿ ಸ್ವತಃ ಕಟ್ಟಿಕೊಳ್ಳುವ ಹವ್ಯಾಸ ಅಮೆರಿಕದಲ್ಲಿ ದಶಕಗಳಿಂದ ಬೆಳೆದುಬಂದಿದೆ. ಇಂದು ಜಗತ್ತಿನಾದ್ಯಂತ ಮಾರಾಟವಾಗುವ ಮೌಂಟೇನ್ ಬೈಕ್ ಜನಿಸಿದ್ದೂ ಇಂತಹ ಕೈಗೆಲಸದಿಂದಲೇ.

ಆದರೆ ನೋಡಲು ಒಂದೇ ತೆರನಾಗಿರುವ ಎರಡು ಭಾಗಗಳು ಒಂದಕ್ಕೊಂದು ಹೊಂದಲೇಬೇಕೆಂಬ ನಿಯಮವಿಲ್ಲ. ಹೊಂದದಿರುವುದನ್ನು ಸುತ್ತಿಗೆಯ ಬಲದಿಂದ ಕೂರಿಸಿದರೆ ಇಳಿಜಾರಿನಲ್ಲಿ ಅದರ ಬೆಲೆ ತೆರಬೇಕಾದವನು ಸವಾರ. ಆದ್ದರಿಂದ ಈ ಕೆಲಸಕ್ಕೆ ಇಳಿಯುವವರಿಗೆ ಪಾನಾ, ಸ್ಪ್ಯಾನರ್‌ಗಳಿಗಿಂತ ಮೊದಲು ಬೇಕಾದದ್ದು ಅಳತೆಯ ಅರಿವು.

ಆರ್ಥಿಕ ಕುಸಿತದ ಕಾಲದ ಕೂಸು

ಕ್ರೂಸರ್‌ನ ಮೂಲ ಇರುವುದು ಷಿಕಾಗೋ ನಗರದಲ್ಲಿ. ಜರ್ಮನಿಯಿಂದ ವಲಸೆ ಬಂದ ಇಗ್ನಾಜ್ ಶ್ವಿನ್ ಪಾಲುದಾರರೊಬ್ಬರ ಜತೆಗೂಡಿ 1895ರಲ್ಲಿ ಅಲ್ಲಿ ಸೈಕಲ್ ಕಂಪನಿಯನ್ನು ಸ್ಥಾಪಿಸಿದರು. 1930ರ ದಶಕದ ಮಹಾ ಆರ್ಥಿಕ ಕುಸಿತ ಸೈಕಲ್ ಉದ್ಯಮದ ಮೇಲೂ ಎರಗಿತು. ಆಗ ಇಗ್ನಾಜ್ ಅವರ ಪುತ್ರ ಫ್ರಾಂಕ್ ಶ್ವಿನ್ 1933ರಲ್ಲಿ 26 × 2.125 ಅಂಗುಲದ 'ಬಲೂನ್' ಟೈರಿನ ಸೈಕಲ್ಲನ್ನು ಮಾರುಕಟ್ಟೆಗೆ ಬಿಟ್ಟರು. ಅದುವರೆಗೆ ಅಮೆರಿಕದಲ್ಲಿ ರಿಮ್‌ಗೆ ಅಂಟಿಸುವ, ಬೇಗನೆ ಪಂಕ್ಚರ್ ಆಗುವ ಒಂಟಿ ಕೊಳವೆಯ ಟೈರುಗಳೇ ಬಳಕೆಯಲ್ಲಿದ್ದವು. ಹೊಸ ಟೈರಿನೊಳಗೆ ಪ್ರತ್ಯೇಕ ಟ್ಯೂಬ್ ಇತ್ತು. ಹೆಚ್ಚು ಗಾಳಿ ಹಿಡಿಯುತ್ತಿತ್ತು. ಹಳ್ಳಕೊಳ್ಳಗಳ ಹೊಡೆತವನ್ನು ತಾಳಿಕೊಳ್ಳುತ್ತಿತ್ತು.

ಮೋಟಾರ್‌ಸೈಕಲ್‌ನ ಪೆಟ್ರೋಲ್ ಟ್ಯಾಂಕನ್ನು ಹೋಲುವ ಪೊಳ್ಳು ಟ್ಯಾಂಕು ಈ ಸೈಕಲ್‌ಗಳ ಇನ್ನೊಂದು ಆಕರ್ಷಣೆ. ಹಿಂದಿನ ಚಕ್ರದ ಹಬ್‌ನಲ್ಲಿ 'ಕೋಸ್ಟರ್' ಬ್ರೇಕ್ ಅಡಗಿರುತ್ತಿತ್ತು. ಪೆಡಲನ್ನು ಹಿಂದಕ್ಕೆ ತುಳಿದರೆ ಸೈಕಲ್ ನಿಲ್ಲುತ್ತಿತ್ತು. ಮುಂದೆ ಹಗುರವಾದ ಗೇರ್ ಸೈಕಲ್‌ಗಳು ಜನಪ್ರಿಯವಾದಂತೆ ಭಾರದ ಈ ಸೈಕಲ್‌ಗಳು ಗ್ಯಾರೇಜುಗಳ ಮೂಲೆ ಹಾಗೂ ಗುಜರಿ ಅಂಗಡಿಗಳನ್ನು ಸೇರಿದವು.

ಮರಿನ್ ಬೆಟ್ಟಗಳ 'ಕ್ಲಂಕರ್'

1970ರ ದಶಕದ ಆರಂಭದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಮರಿನ್ ಕೌಂಟಿಯ ಯುವಕರು ಈ ಹಳೆಯ ಸೈಕಲ್‌ಗಳನ್ನು ಅಗ್ಗದ ಬೆಲೆಗೆ ತಂದು ಬೆಟ್ಟದ ಮಣ್ಣಿನ ಹಾದಿಗಳಲ್ಲಿ ಓಡಿಸತೊಡಗಿದರು. ಮಡ್‌ಗಾರ್ಡ್, ಪೊಳ್ಳು ಟ್ಯಾಂಕುಗಳನ್ನು ಕಿತ್ತೆಸೆದು ಕಟ್ಟಿದ ಈ ಸೈಕಲ್‌ಗಳಿಗೆ 'ಕ್ಲಂಕರ್' ಎಂಬ ಹೆಸರು ಬಿತ್ತು. ಹಳೆಯ ಶ್ವಿನ್ 'ಎಕ್ಸೆಲ್ಸಿಯರ್' ಫ್ರೇಮ್‌ಗೆ ಅಲ್ಲಿ ಎಲ್ಲಿಲ್ಲದ ಬೇಡಿಕೆಯಿತ್ತು.

ಚಾರ್ಲಿ ಕೆಲ್ಲಿ ಮತ್ತು ಗೆಳೆಯರು 1976ರ ಅಕ್ಟೋಬರ್ 21ರಂದು ಫೇರ್‌ಫ್ಯಾಕ್ಸ್ ಪಟ್ಟಣದ ಸಮೀಪ, ಸುಮಾರು ಎರಡು ಮೈಲಿಯಲ್ಲಿ 1,300 ಅಡಿಯಷ್ಟು ಇಳಿಯುವ ಹಾದಿಯಲ್ಲಿ ಮೊದಲ ಸ್ಪರ್ಧೆ ನಡೆಸಿದರು. ಆ ಹಾದಿಗೆ 'ರೀಪ್ಯಾಕ್' ಎಂಬ ಹೆಸರು ಬರಲು ಕಾರಣ ಕೋಸ್ಟರ್ ಬ್ರೇಕ್. ಇಳಿಜಾರಿನುದ್ದಕ್ಕೂ ಬ್ರೇಕ್ ಹಾಕಿದಾಗ ಹಬ್ ಕಾದು ಒಳಗಿನ ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸವಾರಿಯ ನಂತರವೂ ಹಬ್ ಬಿಚ್ಚಿ ಹೊಸದಾಗಿ ಗ್ರೀಸ್ ತುಂಬಬೇಕಾಗುತ್ತಿತ್ತು.

ಈ ಕೊರತೆಯೇ ಹೊಸ ಪ್ರಯೋಗಗಳಿಗೆ ದಾರಿ ಮಾಡಿಕೊಟ್ಟಿತು. ಗ್ಯಾರಿ ಫಿಷರ್ ತಮ್ಮ ಎಕ್ಸೆಲ್ಸಿಯರ್‌ಗೆ ಡ್ರಮ್ ಬ್ರೇಕ್, ಮೋಟಾರ್‌ಸೈಕಲ್‌ನ ಬ್ರೇಕ್ ಲಿವರ್ ಹಾಗೂ ಗೇರ್ ಜೋಡಿಸಿದರು. ಹಳೆಯ ಫ್ರೇಮ್‌ಗಳು ಬಾಗುತ್ತಿದ್ದ ಕಾರಣ ಜೋ ಬ್ರೀಜ್ 1977ರಲ್ಲಿ ಬೆಟ್ಟದ ಸವಾರಿಗೆಂದೇ ಹೊಸ ಫ್ರೇಮ್ ನಿರ್ಮಿಸಿದರು. ಅವರ ಆ ಮೊದಲ 'ಬ್ರೀಜರ್' ಸೈಕಲ್ ಈಗ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ. ಗುಜರಿಯ ಕ್ರೂಸರ್ ಮೌಂಟೇನ್ ಬೈಕ್ ಆಗಿ ಮಾರ್ಪಟ್ಟ ಬಗೆ ಇದು.

ಮೊದಲು ಫ್ರೇಮ್ ಪರೀಕ್ಷೆ

ಬಣ್ಣ ಹೋಗಿದ್ದರೆ ಚಿಂತೆಯಿಲ್ಲ, ಮೇಲ್ಮೈ ತುಕ್ಕನ್ನೂ ತೆಗೆಯಬಹುದು. ಆದರೆ ಬಿರುಕು ಬಿಟ್ಟ ಫ್ರೇಮನ್ನು ಅಲ್ಲಿಯೇ ಬಿಟ್ಟು ಬರುವುದು ಲೇಸು. ಹ್ಯಾಂಡಲ್ ಕೂರುವ ಮುಂಭಾಗದ ಕೊಳವೆಯ ಬೆಸುಗೆಗಳ ಸುತ್ತ ಬಣ್ಣ ಸುಕ್ಕುಗಟ್ಟಿದ್ದರೆ ಅಥವಾ ಕೂದಲೆಳೆಯಂತಹ ಗೆರೆ ಕಂಡರೆ ಅದು ಹಿಂದೊಮ್ಮೆ ಬಲವಾದ ಡಿಕ್ಕಿ ಸಂಭವಿಸಿದ್ದರ ಕುರುಹು.

ಫ್ರೇಮ್ ನೇರವಾಗಿದೆಯೇ ಎಂದು ತಿಳಿಯಲು ಒಂದು ದಾರ ಸಾಕು. ಹಿಂದಿನ ಚಕ್ರದ ಅಚ್ಚು ಕೂರುವ ಒಂದು ಬದಿಯ ಸೀಳಿಗೆ ದಾರ ಕಟ್ಟಿ, ಮುಂಭಾಗದ ಕೊಳವೆಯನ್ನು ಬಳಸಿ ಇನ್ನೊಂದು ಬದಿಯ ಸೀಳಿಗೆ ಬಿಗಿಯಾಗಿ ತರಬೇಕು. ಸೀಟಿನ ಕೊಳವೆಯಿಂದ ಎರಡೂ ದಾರಗಳಿಗಿರುವ ಅಂತರ ಸಮನಾಗಿದ್ದರೆ ಫ್ರೇಮ್ ನೇರವಾಗಿದೆ ಎಂದರ್ಥ.

ಹಿಂದಿನ ಸೀಳುಗಳ ನಡುವಿನ ಅಗಲವೂ ಮುಖ್ಯ. ಕೋಸ್ಟರ್ ಹಬ್‌ಗೆ ಸಾಮಾನ್ಯವಾಗಿ 110 ಮಿ.ಮೀ. ಬೇಕು. ಹಳೆಯ ಐದು ಗೇರಿನ ಹಬ್‌ಗೆ 120, ಮೌಂಟೇನ್ ಬೈಕ್ ಹಬ್‌ಗೆ 135 ಮಿ.ಮೀ. ಅಗತ್ಯ. ಉಕ್ಕಿನ ಫ್ರೇಮನ್ನು ಎರಡೂ ಬದಿಗೆ ಸಮನಾಗಿ, ನಿಧಾನವಾಗಿ ತುಸು ಅಗಲಿಸಬಹುದು. ಅಲ್ಯೂಮಿನಿಯಂ ಫ್ರೇಮ್‌ನಲ್ಲಿ ಈ ಸಾಹಸ ಸಲ್ಲದು, ಅದು ಮುರಿಯುತ್ತದೆ.

'26 ಅಂಗುಲ' ಎಂಬ ಗೊಂದಲ

ಬಿಡಿಭಾಗ ಆಯುವವರು ಹೆಚ್ಚಾಗಿ ಮೋಸಹೋಗುವುದು ಚಕ್ರದ ವಿಷಯದಲ್ಲಿ. '26' ಎಂದು ಅಚ್ಚಾಗಿರುವ ಟೈರುಗಳೆಲ್ಲ 26ರ ಎಲ್ಲ ರಿಮ್‌ಗಳಿಗೂ ಕೂರುವುದಿಲ್ಲ. ಟೈರಿನ ಅಂಚು ರಿಮ್ ಮೇಲೆ ಕೂರುವ ವ್ಯಾಸವೇ ನಿಜವಾದ ಅಳತೆ.

* 26 × 2.125 (ಬಲೂನ್ ಟೈರು, ಹಳೆಯ ಮಾದರಿಯ ಮೌಂಟೇನ್ ಬೈಕ್): 559 ಮಿ.ಮೀ.
* 26 × 1¾ (ಶ್ವಿನ್ ಕಂಪನಿಯ ಮಧ್ಯಮ ಟೈರು): 571 ಮಿ.ಮೀ.
* 26 × 1⅜ (ಇಂಗ್ಲಿಷ್ ಮಾದರಿ): 590 ಮಿ.ಮೀ.
* 28 × 1½ (ಭಾರತದ ಸಾಂಪ್ರದಾಯಿಕ ಸೈಕಲ್): 635 ಮಿ.ಮೀ.

ಗಣಿತದಲ್ಲಿ 1¾ ಮತ್ತು 1.75 ಒಂದೇ. ಆದರೆ 26 × 1.75 ಟೈರು ಕೂರುವುದು 559ರ ರಿಮ್‌ಗೆ, 26 × 1¾ ಕೂರುವುದು 571ರ ರಿಮ್‌ಗೆ. ಈ ಗೊಂದಲದಿಂದ ಪಾರಾಗಲು ಟೈರಿನ ಪಕ್ಕದಲ್ಲಿ ಅಚ್ಚಾಗಿರುವ '57-559'ರಂತಹ ಜೋಡಿ ಅಂಕಿಗಳನ್ನು ಗಮನಿಸಬೇಕು. ಮೊದಲನೆಯದು ಟೈರಿನ ಅಗಲ, ಎರಡನೆಯದು ರಿಮ್‌ನ ವ್ಯಾಸ. ಎರಡನೆಯ ಅಂಕಿ ತಾಳೆಯಾದರೆ ಮಾತ್ರ ಟೈರು ಕೂರುತ್ತದೆ.

ಕ್ರ್ಯಾಂಕ್, ಪೆಡಲ್ ಮತ್ತು ಹ್ಯಾಂಡಲ್

ಅಮೆರಿಕದ ಹಳೆಯ ಕ್ರೂಸರ್‌ಗಳಲ್ಲಿ ಎರಡೂ ಕ್ರ್ಯಾಂಕ್‌ಗಳು ಒಂದೇ ಉಕ್ಕಿನ ಸರಳನ್ನು ಬಾಗಿಸಿ ಮಾಡಿದಂಥವು. ಅವು ಕೂರುವ ಫ್ರೇಮ್‌ನ ರಂಧ್ರಕ್ಕೆ ಥ್ರೆಡ್ ಇರುವುದಿಲ್ಲ, ಅದರ ಒಳವ್ಯಾಸ ಸುಮಾರು 51.3 ಮಿ.ಮೀ. ಇಂಗ್ಲಿಷ್ ಮಾದರಿಯಲ್ಲಿ ರಂಧ್ರ ಚಿಕ್ಕದು, ಅದಕ್ಕೆ ಥ್ರೆಡ್ ಇರುತ್ತದೆ. ಒಂದರ ಕ್ರ್ಯಾಂಕ್ ಇನ್ನೊಂದಕ್ಕೆ ನೇರವಾಗಿ ಕೂರದು.

ಪೆಡಲಿನಲ್ಲೂ ಇದೇ ಭೇದವಿದೆ. ಒಂದೇ ತುಂಡಿನ ಕ್ರ್ಯಾಂಕ್‌ಗೆ ½ ಅಂಗುಲದ ಪೆಡಲ್ ಬೇಕಾದರೆ, ಮೂರು ತುಂಡಿನ ಕ್ರ್ಯಾಂಕ್‌ಗೆ 9/16 ಅಂಗುಲದ್ದು ಬೇಕು. ಎಡಗಡೆಯ ಪೆಡಲಿನ ಥ್ರೆಡ್ ತಿರುವುಮುರುವಾಗಿರುತ್ತದೆ. ಬಲವಂತದಿಂದ ತಿರುಗಿಸಿದರೆ ಕ್ರ್ಯಾಂಕ್ ಹಾಳಾಗುವುದು ಖಚಿತ.

ಹ್ಯಾಂಡಲ್ ಹಿಡಿಯುವ ಸ್ಟೆಮ್ ಶ್ವಿನ್ ಕಂಪನಿಯ ಹಳೆಯ ಸೈಕಲ್‌ಗಳಲ್ಲಿ ಸುಮಾರು 21.1 ಮಿ.ಮೀ., ಇತರ ಅನೇಕ ಸೈಕಲ್‌ಗಳಲ್ಲಿ 22.2 ಮಿ.ಮೀ. ಕೇವಲ ಒಂದು ಮಿಲಿಮೀಟರ್ ವ್ಯತ್ಯಾಸವಾದರೂ ಸಣ್ಣದನ್ನು ದೊಡ್ಡ ಕೊಳವೆಗೆ ಹಾಕಿದರೆ ತಿರುವಿನಲ್ಲಿ ಹ್ಯಾಂಡಲ್ ಒಂದು ಕಡೆಗೆ, ಚಕ್ರ ಮತ್ತೊಂದು ಕಡೆಗೆ ಹೋಗುವ ಅಪಾಯವಿದೆ. ಸ್ಟೆಮ್ ಹಾಗೂ ಸೀಟಿನ ಕಂಬದ ಮೇಲಿರುವ ಗುರುತಿನ ಗೆರೆ ಎಂದಿಗೂ ಹೊರಗೆ ಕಾಣಬಾರದು.

ಹಲ್ಲುಗಳ ಲೆಕ್ಕ ಸುಲಭ. ಮುಂದೆ 44, ಹಿಂದೆ 18 ಹಲ್ಲುಗಳಿದ್ದರೆ 26 ಅಂಗುಲದ ದಪ್ಪ ಟೈರಿನ ಸೈಕಲ್ ಪೆಡಲಿನ ಒಂದು ಸುತ್ತಿಗೆ ಸುಮಾರು 5 ಮೀಟರ್ ಸಾಗುತ್ತದೆ. ಹಿಂದೆ 22 ಹಲ್ಲುಗಳಿದ್ದರೆ ಸುಮಾರು 4.1 ಮೀಟರ್. ಏರುತಗ್ಗಿನ ಊರಿಗೆ ಎರಡನೆಯದೇ ಸೂಕ್ತ.

ಬ್ರೇಕ್‌ನಲ್ಲಿ ರಾಜಿ ಬೇಡ

ಕೋಸ್ಟರ್ ಬ್ರೇಕ್ ಕೆಲಸ ಮಾಡುವುದು ಚೈನಿನ ಮೂಲಕ. ಚೈನ್ ಕಳಚಿದ ಕ್ಷಣವೇ ಬ್ರೇಕ್ ಕೂಡ ಇಲ್ಲವಾಗುತ್ತದೆ. ಆದ್ದರಿಂದ ಚೈನನ್ನು ಬಿಗಿಗೊಳಿಸಲು ಚಕ್ರವನ್ನು ಹಿಂದೆ ಮುಂದೆ ಸರಿಸಬಹುದಾದ ಅಡ್ಡ ಸೀಳಿನ ಫ್ರೇಮನ್ನೇ ಆಯ್ದುಕೊಳ್ಳಬೇಕು. ಹಬ್‌ನ ಪಕ್ಕದಲ್ಲಿರುವ ಲೋಹದ ತೋಳನ್ನು ಪಟ್ಟಿ ಮತ್ತು ನಟ್ಟಿನಿಂದ ಫ್ರೇಮ್‌ಗೆ ಭದ್ರವಾಗಿ ಬಿಗಿಯುವುದು ಕಡ್ಡಾಯ. ತಂತಿ ಸುತ್ತಿ ಕೈತೊಳೆದುಕೊಂಡರೆ ಬ್ರೇಕ್ ಹಾಕಿದಾಗ ಆ ತೋಳು ತಿರುಗಿ ಕಡ್ಡಿಗಳಿಗೆ ಸಿಲುಕಬಹುದು.

ಮುಂದಿನ ಚಕ್ರಕ್ಕೂ ಪ್ರತ್ಯೇಕ ಬ್ರೇಕ್ ಇರುವುದು ಕ್ಷೇಮ. ಹಳೆಯ ಫೋರ್ಕ್‌ನಲ್ಲಿ ಬ್ರೇಕ್ ಕೂರಿಸಲು ಜಾಗವಿಲ್ಲದಿದ್ದರೆ ಡ್ರಮ್ ಬ್ರೇಕ್ ಇರುವ ಹಬ್ ಬಳಸಬಹುದು. ಮೌಂಟೇನ್ ಬೈಕ್‌ನ ಫೋರ್ಕ್ ಹಾಕುವುದಾದರೆ ಅದರ ಕೊಳವೆ 1 ಅಂಗುಲದ್ದೇ ಅಥವಾ 1⅛ ಅಂಗುಲದ್ದೇ ಎಂದು ಅಳೆಯಬೇಕು. ಸಸ್ಪೆನ್ಷನ್ ಇರುವ ಉದ್ದನೆಯ ಫೋರ್ಕ್ ಸೈಕಲ್ಲಿನ ಮುಂಭಾಗವನ್ನು ಎತ್ತರಿಸಿ ಹ್ಯಾಂಡಲ್‌ನ ಹಿಡಿತವನ್ನೇ ಬದಲಿಸಿಬಿಡುತ್ತದೆ.

ನಮ್ಮ ಸೈಕಲ್ ಕ್ರೂಸರ್ ಆದೀತೇ?

ನಮ್ಮ ಮನೆಗಳ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿರುವ ಕರಿಯ ಸೈಕಲ್ ಇಂಗ್ಲಿಷ್ ರೋಡ್‌ಸ್ಟರ್ ಮಾದರಿಯದು. ಅದರ ಉಕ್ಕಿನ ಫ್ರೇಮ್ ಗಟ್ಟಿ, ಸವಾರಿಯ ಭಂಗಿಯೂ ಕ್ರೂಸರ್‌ನಂತೆ ನೇರ. ಆದರೆ ಅದರ ಸರಳಿನ ಬ್ರೇಕ್ ಒತ್ತುವುದು 635 ಮಿ.ಮೀ. ರಿಮ್‌ನ ಒಳಮೈಯನ್ನು. 559ರ ಚಕ್ರ ಹಾಕಿದರೆ ಆ ಬ್ರೇಕ್ ನಿರುಪಯುಕ್ತವಾಗುತ್ತದೆ, ಪೆಡಲ್ ಕೂಡ ನೆಲಕ್ಕೆ ಹತ್ತಿರವಾಗುತ್ತದೆ. ಆಗ ತಿರುವಿನಲ್ಲಿ ಪೆಡಲ್ ನೆಲಕ್ಕೆ ತಾಗಿ ಸವಾರ ಉರುಳುವ ಸಂಭವವಿದೆ. ಮೂಲ ಚಕ್ರಗಳನ್ನು ಹಾಗೆಯೇ ಉಳಿಸಿಕೊಂಡು ಹ್ಯಾಂಡಲ್, ಸೀಟುಗಳನ್ನಷ್ಟೇ ಬದಲಿಸುವುದು ಜಾಣತನ. ದಪ್ಪ ಟೈರು ಬೇಕೇ ಬೇಕೆನ್ನುವವರಿಗೆ 559 ಮಿ.ಮೀ. ರಿಮ್‌ನ ಹಳೆಯ ಉಕ್ಕಿನ ಮೌಂಟೇನ್ ಬೈಕ್ ಸೂಕ್ತ ಆಧಾರ.

ಕೆಲಸ ಮುಗಿದ ಬಳಿಕ ಮೊದಲ ಸವಾರಿ ಸಮತಟ್ಟಾದ, ವಾಹನಗಳಿಲ್ಲದ ಜಾಗದಲ್ಲಿರಲಿ. ಅನಂತರ ಅಚ್ಚು, ಹ್ಯಾಂಡಲ್, ಪೆಡಲ್ ಮತ್ತು ಬ್ರೇಕ್ ತೋಳಿನ ನಟ್ಟುಗಳನ್ನು ಮತ್ತೊಮ್ಮೆ ಬಿಗಿದು, ಹೊಸದಾಗಿ ಕಟ್ಟಿದ ಚಕ್ರವಾಗಿದ್ದರೆ ಕಡ್ಡಿಗಳನ್ನೂ ಪರೀಕ್ಷಿಸಬೇಕು. ಇಳಿಜಾರಿಗೆ ಹೋಗುವುದು ಅದಾದ ಮೇಲೆ.