ಔಡಲ ಎಲಿ ಹುಳಾ: ಶಾಲೂ ಅದರದ್ದ, ಊಟಾನೂ ಅದರದ್ದ

ತಂಬಾಕದ ಹೊಲದ ಸುತ್ತ ಒಂದ ಸಾಲ ಔಡಲ ಹಚ್ಚರಿ ಅಂತ ಕೃಷಿ ಖಾತೆಯವರು ಹೇಳತಾರ. ತಂಬಾಕದ ಎಲಿ ತಿನ್ನೊ ಹುಳದ ಪತಂಗಕ್ಕ ಔಡಲ ಅಂದ್ರ ಭಾಳ ಪ್ರೀತಿ. ತಂಬಾಕ ಬಿಟ್ಟು ಅದರ ಮ್ಯಾಲ ತತ್ತಿ ಇಡತೈತಿ, ರೈತರು ಆ ಎಲಿ ಹರದು ಹುಳಾ ನಾಶ ಮಾಡತಾರ. ಅಂದ್ರ ನಮ್ಮ ನಿಪ್ಪಾಣಿ ಕಡೆ ಔಡಲಾ ಅನ್ನೂದು ಹುಳಕ್ಕ ಹಾಕಿದ ಬಲಿ. ಅದ ಔಡಲ ಗಿಡಾನ ಅಸ್ಸಾಮದ ಹೆಣ್ಣಮಕ್ಕಳು ಹುಳಾ ಸಾಕಾಕಂತನ ಹಿತ್ತಲದಾಗ ಹಚ್ಚತಾರ. ಅದು ಬ್ಯಾರೆ ಜಾತಿ ಹುಳಾ. ಹೆಸರು ಎರಿ. ಅಸ್ಸಾಮಿ ಮಾತಿನ್ಯಾಗ ‘ಎರಾ’ ಅಂದ್ರ ಔಡಲ. ಸಂಸ್ಕೃತದಾಗ ಏರಂಡ, ನಮ್ಮ ಬಾಜೂ ಮನಿ ಮರಾಠಿಯೊಳಗೂ ಏರಂಡ. ಹೆಸರ ಕೇಳಿದ್ರ ದೂರಿನ ಸಂಬಂಧ ಅನಸೂದುಲ್ಲ.

ಅಕ್ಕಾರ, ವೈನ್ಯಾರ, ಈ ಹುಳದ ಸುದ್ದಿ ಯಾಕ ತಗದೆ ಅಂದ್ರ, ನಮ್ಮ ಬಳಗದಾಗ ಮಿಲಿಟರ್ಯಾಗಿದ್ದ ಒಬ್ಬ ಹುಡುಗ ಅಸ್ಸಾಮದ ಹುಡುಗೀನ ಮದವಿ ಆಗತೇನಿ ಅಂದ. ಹುಡುಗಿ ಏನ ಓದ್ಯಾಳ, ಮನಿತನ ಹೆಂಗೈತಿ ಅಂತ ಯಾರೂ ಕೇಳಲಿಲ್ಲ. ಮೊದಲ ಬಂದ ಮಾತು, “ಅವರು ಹುಳಾ ತಿಂತಾರಂತಲ್ಲ?” ಕೇಳಿದವರೆಲ್ಲಾ ರೇಷ್ಮಿ ಸೀರಿ ಉಟ್ಟಕೊಂಡು ಕುಂತಿದ್ರು. ಆ ಸೀರಿಗೂ ಈ ಪ್ರಶ್ನಿಗೂ ಏನ ಸಂಬಂಧ ಅನ್ನೂದನ್ನ ಹೇಳಬೇಕಾಗೈತಿ.

ಮೊದಲ ಎರಿ ಹುಳದ ಬಾಳೇವು ನೋಡೂಣು. ಒಂದ ಪತಂಗ ಮುನ್ನೂರಕ್ಕೂ ಹೆಚ್ಚು ತತ್ತಿ ಇಡತೈತಿ. ಸುಮಾರು ಹತ್ತು ದಿನಕ್ಕ ಮರಿ ಹೊರಗ ಬರತಾವ. ಔಡಲ ಎಲಿ ತಿಂದು, ನಾಲ್ಕ ಸರ್ತಿ ಪೊರಿ ಕಳಚಿ, ಬೆರಳಿನಷ್ಟು ದಪ್ಪ ಆಗತಾವ. ಎಲಿ ಗೊಂಚಲ ಕಟ್ಟಿ ಮನಿಯೊಳಗ ತೂಗಹಾಕತಾರ, ಹುಳಾ ಅದರ ಮ್ಯಾಲ ಮೇಯತಾವ. ಹಣ್ಣಾದ ಮ್ಯಾಲ ತನ್ನ ಸುತ್ತ ಗೂಡು ಕಟ್ಟಿ ಒಳಗ ಮುದುಡಿ ಮಲಗತೈತಿ. ಇದಕ್ಕ ಪ್ಯೂಪಾ ಅಂತಾರ. ಮುಂದ ಅದ ಪತಂಗ ಆಗಿ ಹೊರಬಿದ್ದು, ಏನೂ ತಿನ್ನದ ತತ್ತಿ ಇಟ್ಟು ನಾಕ ದಿನದಾಗ ಸಾಯತೈತಿ. ಬ್ಯಾಸಗ್ಯಾಗ ಈ ಸುತ್ತು ಒಂದೂವರಿ ತಿಂಗಳಿನ್ಯಾಗ ಮುಗಿತೈತಿ, ಥಂಡ್ಯಾಗ ಹೆಚ್ಚು ಕಡಿಮಿ ಮೂರು ತಿಂಗಳ ಹಿಡಿತೈತಿ. ವರ್ಷಕ್ಕ ಐದಾರ ಬೆಳಿ ತಗಿತಾರ.

ಎರಿ ಗೂಡಿನ ವಿಶೇಷ ಏನಂದ್ರ, ಅದರ ಒಂದ ತುದಿ ತೆರದಿರತೈತಿ. ಅದಕ್ಕ ಅದರ ನೂಲು ಒಂದ ಎಳಿಯಾಗಿ ಬಿಚ್ಚಾಕ ಬರೂದುಲ್ಲ. ಹತ್ತಿ ನೂತಂಗ ಟಕಳಿ ಮ್ಯಾಲ ನೂಲಬೇಕು. ಅದ ಕಾರಣಕ್ಕ ಒಳಗಿನ ಪ್ಯೂಪಾನ ಮೊದಲ ಕೈಲೆ ಹೊರಗ ತಗದು, ಬರೀ ಗೂಡನ್ನ ಕುದಿಸಿ ನೂಲಾಕ ಇಟ್ಟಕೋಬಹುದು. ಹಂಗ ತಗದ ಪ್ಯೂಪಾ ನೆಟ್ಟಗ ಅಡಗಿಮನಿಗೆ ಹೋಗತೈತಿ. ಬೋಡೋ, ಕಾರ್ಬಿ, ಮಿಸಿಂಗ, ರಾಭಾ ಜನರ ಎಷ್ಟೋ ಮನ್ಯಾಗ ಹುಳಾ ಸಾಕೂದು ಮೊದಲ ಊಟಕ್ಕ, ನೂಲು ಆಮ್ಯಾಲಿನ ಮಾತು. ಹಣ್ಣಾದ ಹುಳಾನೂ ತಿಂತಾರ, ಪ್ಯೂಪಾನೂ ತಿಂತಾರ. ತೊಳದು, ಸಾಸವಿ ಎಣ್ಣ್ಯಾಗ ಹುರದು, ಉಳ್ಳಾಗಡ್ಡಿ, ಬಳ್ಳೊಳ್ಳಿ, ಹಸಿ ಶುಂಠಿ, ಹಸಿ ಮೆಣಸಿನಕಾಯಿ ಹಾಕತಾರ. ಬಿದರಿನ ಎಳಿ ಕಳಲಿ ಹಾಕಿದ್ರ ಹುಳಿ ರುಚಿ ಬರತೈತಿ. ಕುಟ್ಟಿ ಚಟ್ನೀನೂ ಮಾಡತಾರ. ನಾವು ರೊಟ್ಟಿ ಜೋಡಿ ಶೇಂಗಾ ಚಟ್ನಿ ಇಟ್ಟಕೊಂಡಂಗ, ಅವರು ಅನ್ನದ ಜೋಡಿ ಇದನ್ನ ಇಟ್ಟಕೋತಾರ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ತಪಾಸಣೆ ಮಾಡಿದಾಗ 100 ಗ್ರಾಂ ಎರಿ ಪ್ಯೂಪಾದಾಗ ಸುಮಾರು 16 ಗ್ರಾಂ ಪ್ರೋಟೀನು, 8 ಗ್ರಾಂ ಕೊಬ್ಬು ಸಿಕ್ಕೈತಿ. ಕೋಳಿ ತತ್ತಿಗಿಂತ ತುಸು ಹೆಚ್ಚ ಪ್ರೋಟೀನು.

ಇದು ನಿನ್ನೆ ಮೊನ್ನೆ ಶುರು ಆದದ್ದಲ್ಲ. ವಿಲಿಯಂ ರಾಕ್ಸ್‌ಬರೋ ಅನ್ನೊ ಗಿಡಮೂಲಿಕಿ ಪಂಡಿತ 1804ರಾಗ ಅಚ್ಚಾದ ತನ್ನ ಲೇಖನದಾಗ ಬಂಗಾಳ ಸೀಮಿಯ ಈ ಹುಳದ ವಿವರ ಬರದಿದ್ದ. ಅವ ಕೊಟ್ಟ ಹೆಸರು ‘ಅರಿಂಡಿ’. ಅದೂ ಏರಂಡದ್ದ ರೂಪ. ಈ ಬಟ್ಟಿ ಎಷ್ಟ ಉಟ್ಟರೂ ಲಗೂನ ಹರಿಯೂದುಲ್ಲ, ಬಡವರು ಇದನ್ನ ಮನ್ಯಾಗ ನೂತು ನೇದು ಉಡತಾರ ಅನ್ನೊ ಸುದ್ದಿ ಆವಾಗ ಪರದೇಶಕ್ಕೂ ಮುಟ್ಟಿತ್ತು.

ಈಗ ನಮ್ಮ ಸೀರಿ ಕಡೆ ಬರೂಣು. ಕರ್ನಾಟಕದ ರೇಷ್ಮಿ ಹುಳಾ ಹಿಪ್ಪುನೇರಳಿ ಎಲಿ ತಿನ್ನೂದು. 18ನೇ ಶತಮಾನದ ಕೊನಿಗೆ ಟಿಪ್ಪು ಸುಲ್ತಾನ ಬಂಗಾಳದಿಂದ ಹುಳಾ ತರಿಸಿ ಮೈಸೂರ ಸೀಮ್ಯಾಗ ಸಾಕಿಸಿದ. 1890ರ ದಶಕದಾಗ ಜಮ್ಶೆಟ್‌ಜಿ ಟಾಟಾ ಜಪಾನದ ಪದ್ಧತಿ ತರಿಸಿ ಬೆಂಗಳೂರಾಗ ರೇಷ್ಮಿ ತೋಟ ಮಾಡಿಸಿದರು. 1912ರಾಗ ಮೈಸೂರಿನ ರೇಷ್ಮಿ ನೇಯ್ಗಿ ಕಾರ್ಖಾನಿ ಶುರು ಆತು. ರಾಮನಗರ, ಶಿಡ್ಲಘಟ್ಟದ ಗೂಡಿನ ಪ್ಯಾಟಿ ದೇಶಕ್ಕೆಲ್ಲ ಗೊತ್ತು. ಹುಳಾ ಪೊರಿ ಬಿಡೂದಕ್ಕ ಆ ಕಡೆಯವರು ‘ಜ್ವರ’ ಅಂತಾರ. ನಾಕನೇ ಜ್ವರ ಆದ ಮ್ಯಾಲ ಹುಳಾ ಹಗಲು ರಾತ್ರಿ ತಿಂತೈತಿ, ಮನಿ ಹೆಣ್ಣಮಕ್ಕಳಿಗೆ ನಿದ್ದಿ ಇರೂದುಲ್ಲ.

ಈ ಹುಳದ ಗೂಡಿಗೆ ಬಾಯಿ ಇಲ್ಲ. ಪತಂಗ ಹೊರಬಂದ್ರ ಎಳಿ ಹರಿತೈತಿ. ಅದಕ್ಕ ಮೊದಲ ಒಳಗಿದ್ದಂಗನ ಉಗಿ ಬಿಸಿ ತೋರಿಸಿ ಕೊಲ್ಲತಾರ, ಆಮ್ಯಾಲೆ ಬಿಸಿನೀರಾಗ ಹಾಕಿ ಎಳಿ ಬಿಚ್ಚತಾರ. ಒಂದ ಗೂಡಿನಿಂದ ಸಾವಿರ ಮೀಟರಿನ ಆಸುಪಾಸು ಎಳಿ ಬರತೈತಿ, ಒಂದ ಸೀರಿಗೆ ಸಾವಿರಾರು ಗೂಡು ಬೇಕು. ಎಳಿ ಮುಗದ ಮ್ಯಾಲ ತಪೇಲಿಯೊಳಗ ಉಳಿಯೂದು ಅದ ಪ್ಯೂಪಾ. ನಮ್ಮ ರಾಜ್ಯದಾಗ ಅದು ಕೋಳಿ, ಮೀನಿನ ಆಹಾರಕ್ಕ ಹೋಗತೈತಿ, ಎಣ್ಣಿ ತಗದು ಸಾಬಾಣಕ್ಕೂ ಬಳಸತಾರ. ಕೊರಿಯಾದಾಗ ಅದನ್ನ ‘ಬೊಂಡೆಗಿ’ ಅಂತ ಬೇಯಿಸಿ ಬೀದ್ಯಾಗ ಮಾರತಾರ, ಡಬ್ಬಿ ತುಂಬಿ ಅಂಗಡ್ಯಾಗೂ ಇಡತಾರ. ಮಡಿ ಅಂತ ನಾವು ಉಟ್ಟು ದೇವರ ಮುಂದ ಕೂಡೂ ಬಟ್ಟಿ ಇದ ತಪೇಲಿಯಿಂದ ಬಂದದ್ದು. ಹುಳಾ ಸಾಯೂದು ಎರಡೂ ಕಡೆ ಒಂದ. ಅವರು ಅದನ್ನ ಉಂಡು ಮುಗಸತಾರ, ನಾವು ಎಳಿ ಅಷ್ಟ ಇಟ್ಟಕೊಂಡು ಉಳದದ್ದನ್ನ ನೋಡೂದುಲ್ಲ.

ಹೊರದೇಶದಾಗೂ ಇಂಥಾದ್ದ ಐತಿ. ಆಫ್ರಿಕಾದ ದಕ್ಷಿಣ ಭಾಗದಾಗ ಮೊಪಾನೆ ಅನ್ನೊ ಗಿಡದ ಎಲಿ ತಿನ್ನೊ ಹುಳಾನ ಹೆಣ್ಣಮಕ್ಕಳು ಕೈಲೆ ಆರಿಸಿ, ಹೊಟ್ಟಿ ಹಿಂಡಿ ಒಳಗಿನ ಹೊಲಸ ತಗದು, ಉಪ್ಪಿನ ನೀರಾಗ ಕುದಿಸಿ, ನಾವು ಸಂಡಿಗಿ ಒಣಗಿಸಿದಂಗ ಬಿಸಲಾಗ ಒಣಗಸತಾರ. ಬೇಕಾದಾಗ ಉಳ್ಳಾಗಡ್ಡಿ, ಟಮಾಟಿ ಹಾಕಿ ಪಲ್ಯ ಮಾಡತಾರ. ಬೋಟ್ಸ್ವಾನಾ ದೇಶದವರು ತಮ್ಮ ಐದು ಪುಲಾ ನಾಣ್ಯದ ಮ್ಯಾಲ ಆ ಹುಳದ ಚಿತ್ರಾನ ಕೆತ್ತಿಸ್ಯಾರ.

ಒಂದ ಎಚ್ಚರಿಕಿ. ಇದನ್ನ ಓದಿ ಯಾರೂ ಹೊಲದಾಗಿನ ಹುಳಾ ಆರಸಾಕ ಹೋಗಬ್ಯಾಡ್ರಿ. ತಂಬಾಕ, ಸೋಯಾಬೀನ ಮ್ಯಾಲಿನ ಹುಳಾ ತಿನ್ನೂವಲ್ಲ, ಅದರ ಮ್ಯಾಲ ಔಷಧಾ ಹೊಡದಿರತಾರ. ಕಂಬಳಿ ಹುಳದ ಕೂದಲ ಮೈಗೆ ಹತ್ತಿದ್ರ ತುರಿಕಿ. ಸೀಗಡಿ ಮೀನ ತಿಂದ್ರ ಮೈಮ್ಯಾಲ ಗಂಧಿ ಏಳೋರಿಗೆ ಸಾಕಿದ ಹುಳಾನೂ ಆಗಿಬರಲಿಕ್ಕಿಲ್ಲ.

ತಿನ್ನೂದು ಬಿಡೂದು ಅವರವರ ಮನಿ ಮಾತು. ನಮ್ಮ ಮನಿಗೆ ಬರೂ ಸೊಸಿ ಅದನ್ನ ಇಲ್ಲೇ ಅಡಗಿ ಮಾಡಬೇಕು ಅಂತ ಯಾರೂ ಹೇಳಿಲ್ಲ. ಆದ್ರ ಔಡಲ ಹಚ್ಚಿ, ಹುಳಾ ಸಾಕಿ, ಮಕ್ಕಳಿಗೆ ಉಣಿಸಿ, ಅದರ ಗೂಡಿನಿಂದ ನೂಲ ತಗದು, ನಾಕ ರೊಕ್ಕಾ ಗಳಿಸಿದ ತಾಯಿ ಹೊಟ್ಯಾಗ ಆಕಿ ಹುಟ್ಯಾಳ. ಆ ಕೆಲಸಕ್ಕ ‘ಹೊಲಸ’ ಅನ್ನೂ ಮಾತು ಆಕಿ ಕಿವಿಗೆ ಬೀಳಬಾರದು.

ನಿಮ್ಮ ಮನ್ಯಾಗೂ ಮಿಲಿಟರಿಯವರು ತಂದ ಅಸ್ಸಾಮದ ದಪ್ಪ ಶಾಲು ಇದ್ರ ಟ್ರಂಕಿನಿಂದ ತಗದು ನೋಡ್ರಿ. ಹೊಳಪಿಲ್ಲದ, ಉಣ್ಣಿಯಂಗ ಬೆಚ್ಚಗಿರೂ ಬಟ್ಟಿ ಇದ್ರ ಅದು ಎರಿ ಇದ್ದೀತು. ತಣ್ಣೀರಾಗ ಮೆತ್ತನ ಸಾಬಾಣ ಹಚ್ಚಿ ತೊಳೀರಿ, ನೆಳ್ಳಿನ್ಯಾಗ ಒಣಗಸರಿ. ಬಳಸಿದಷ್ಟೂ ಮೆತ್ತಗಾಗತೈತಿ.