ಮಹಾಗಣಕಗಳೂ ವಿದ್ಯುತ್ತಿನ ಮಿತವ್ಯಯವೂ

ಮಹಾಗಣಕಗಳ ಚರಿತ್ರೆಯನ್ನು ಸಾಮಾನ್ಯವಾಗಿ ವೇಗದ ಚರಿತ್ರೆಯೆಂದೇ ಬರೆಯುವುದುಂಟು. ಅವು ವ್ಯಯಮಾಡಿದ ವಿದ್ಯುತ್ತಿನ ಲೆಕ್ಕವನ್ನೂ ಜೊತೆಗಿಟ್ಟು ನೋಡಿದರೆ ಅದರ ಇನ್ನೊಂದು ಮುಖ ಗೋಚರವಾಗುತ್ತದೆ.

1946ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ಬೆಳಕಿಗೆ ಬಂದ ಎನಿಯಾಕ್ ಯಂತ್ರದಲ್ಲಿ ಸುಮಾರು 18,000 ನಿರ್ವಾತ ನಳಿಕೆಗಳಿದ್ದುವು. ಸುಮಾರು 150 ಕಿಲೋವ್ಯಾಟ್ ವಿದ್ಯುತ್ತನ್ನು ಬಳಸಿ ಅದು ಸೆಕೆಂಡಿಗೆ 5,000 ಸಂಕಲನಗಳನ್ನು ಮಾಡುತ್ತಿತ್ತು. ಎಂದರೆ ಒಂದು ಸಂಕಲನಕ್ಕೆ 30 ಜೌಲ್ ಶಕ್ತಿ ತಗಲುತ್ತಿತ್ತು.

ನಳಿಕೆಯ ಸ್ಥಾನಕ್ಕೆ ಟ್ರಾನ್ಸಿಸ್ಟರು ಬಂದ ಮೇಲೆ ಈ ವೆಚ್ಚ ಇಳಿಯುತ್ತ ಹೋಯಿತು. ಟ್ರಾನ್ಸಿಸ್ಟರನ್ನು ಕಿರಿದುಗೊಳಿಸಿದಂತೆ ವೋಲ್ಟೇಜನ್ನೂ ತಗ್ಗಿಸಬಹುದು, ಆದುದರಿಂದ ಅದೇ ವಿಸ್ತೀರ್ಣದಲ್ಲಿ ಅವುಗಳ ಸಂಖ್ಯೆ ಹೆಚ್ಚಿದರೂ ಶಾಖ ಹೆಚ್ಚದು ಎಂಬುದನ್ನು 1974ರಲ್ಲಿ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಸುಮಾರು 2005ರ ವೇಳೆಗೆ ಈ ಅನುಕೂಲ ಮುಗಿಯಿತು. ವೋಲ್ಟೇಜನ್ನು ಇನ್ನೂ ತಗ್ಗಿಸಹೊರಟರೆ ವಿದ್ಯುತ್ ಸೋರಿಕೆ ಮಿತಿಮೀರುತ್ತಿತ್ತು. ಅಂದಿನಿಂದ ನಿರ್ಮಾಪಕರು ಒಂದೇ ಘಟಕದ ವೇಗವನ್ನು ಏರಿಸುವುದಕ್ಕೆ ಬದಲಾಗಿ ಅನೇಕ ಘಟಕಗಳನ್ನು ಒಟ್ಟಿಗೆ ದುಡಿಸತೊಡಗಿದರು. 2007ರ ನವೆಂಬರಿನಲ್ಲಿ ಮೊದಲು ಪ್ರಕಟವಾದ ‘ಗ್ರೀನ್ 500’ ಪಟ್ಟಿಯು ಯಂತ್ರಗಳನ್ನು ಕೇವಲ ವೇಗದಿಂದ ಅಳೆಯದೆ, ಒಂದು ವ್ಯಾಟಿಗೆ ಸಲ್ಲುವ ಗಣನೆಯಿಂದ ಅಳೆಯಿತು.

2022ರಲ್ಲಿ ಅಮೆರಿಕದ ಓಕ್ ರಿಜ್ ಪ್ರಯೋಗಶಾಲೆಯ ಫ್ರಾಂಟಿಯರ್ ಯಂತ್ರವು ಒಂದು ಜೌಲಿಗೆ ಸುಮಾರು 5,200 ಕೋಟಿ ಗಣನೆಗಳನ್ನು ಮಾಡಿತು. ಎರಡು ಯಂತ್ರಗಳ ಗಣನೆಯೂ ಒಂದೇ ಜಾತಿಯದಲ್ಲವಾದರೂ ಅಂತರದ ಅಗಾಧತೆ ಸ್ಪಷ್ಟವಾಗಿದೆ. ಆದರೆ ಫ್ರಾಂಟಿಯರ್ ಬಳಸಿದ ವಿದ್ಯುತ್ತು ಸುಮಾರು 21 ಮೆಗಾವ್ಯಾಟ್. ಎನಿಯಾಕ್ ಬಳಸಿದುದರ 140 ಮಡಿ. ಒಂದೊಂದು ಗಣನೆಯಲ್ಲಿ ಉಳಿದುದೆಲ್ಲ ಮತ್ತಷ್ಟು ದೊಡ್ಡ ಗಣನೆಗೆ ವಿನಿಯೋಗವಾಯಿತು. ದಕ್ಷತೆ ಬೆಳೆದ ಮಾತ್ರಕ್ಕೆ ಒಟ್ಟು ವೆಚ್ಚ ಇಳಿಯುವುದೆಂದು ಭಾವಿಸಲಾಗದೆಂಬುದೇ ಈ ಚರಿತ್ರೆಯಿಂದ ತಿಳಿದುಬರುವ ಸಂಗತಿ.