ಫೋರಂ ಮೆಟ್ಟಿಲ ಮೇಲೆ ಕೂತ ಊರು

ಬೆಂಗಳೂರಿನಲ್ಲಿ ಮಾಲ್‌ಗಳಿಗೂ ‘ಆ ಕಾಲ’ ಅಂತ ಒಂದು ಬಂದುಬಿಟ್ಟಿದೆ. ಮೂವತ್ತೈದು ದಾಟಿದ ಬೆಂಗಳೂರಿಗರನ್ನು ಸ್ವಲ್ಪ ಕೆಣಕಿ ನೋಡಿ; ಫೋರಂನಲ್ಲಿ ಕಾಲೇಜಿಗೆ ಚಕ್ಕರ್ ಹಾಕಿ ನೋಡಿದ ಸಿನಿಮಾ, ಗರುಡಾದಲ್ಲಿ ಕ್ರಿಸ್‌ಮಸ್ ವಾರದ ನೂಕುನುಗ್ಗಲು, ಕೆಂಪ್ ಫೋರ್ಟ್‌ನಲ್ಲಿ ಹಟ ಹಿಡಿದು ಕೊಡಿಸಿಕೊಂಡ ಆಟದ ಸಾಮಾನು ಎಂದು ಶುರುವಾದರೆ ಸುಲಭಕ್ಕೆ ಮುಗಿಯುವುದಿಲ್ಲ. ಗಾಂಧಿ ಬಜಾರಿನ ಹೂವು, ವಿದ್ಯಾರ್ಥಿ ಭವನದ ದೋಸೆ ನೆನೆಯುತ್ತ ಬೆಳೆದ ಹಿರಿಯರು ಇದನ್ನು ಕೇಳಿ ನಗುತ್ತಾರೆ. ಗಾಜು, ಗ್ರಾನೈಟ್, ಏಸಿ ಗಾಳಿ. ಅದರಲ್ಲಿ ನೆನೆಯುವುದಕ್ಕೇನಿದೆ ಎಂಬುದು ಅವರ ಪ್ರಶ್ನೆ. ಅಲ್ಲಿ ಇದ್ದದ್ದು ಗಾಜಲ್ಲ, ಕೂರುವುದಕ್ಕೆ ಜಾಗ.

ಹೊಸೂರು ರಸ್ತೆಯ ಪಕ್ಕ, ಆಡುಗೋಡಿ ದಾಟಿ ಕೋರಮಂಗಲಕ್ಕೆ ಕಾಲಿಡುವಲ್ಲಿ ಪ್ರೆಸ್ಟೀಜ್ ಸಂಸ್ಥೆಯ ಫೋರಂ ಮಾಲ್ ತೆರೆದದ್ದು 2004ರಲ್ಲಿ. ಊರಿನಲ್ಲಿ ಅದಕ್ಕೂ ಮೊದಲು ಕಾಂಪ್ಲೆಕ್ಸುಗಳಿದ್ದವು, ಪ್ಲಾಜಾಗಳಿದ್ದವು. ಆದರೆ ಇಡೀ ಸಂಸಾರ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಹೊರಟು, ರಾತ್ರಿವರೆಗೆ ಒಂದೇ ಸೂರಿನಡಿ ಕಾಲ ಕಳೆದು ಬರುವಂಥ ಜಾಗ ಇರಲಿಲ್ಲ. ಪಕ್ಕದಲ್ಲೇ ಕ್ರೈಸ್ಟ್ ಕಾಲೇಜು. ಮಾಲ್‌ನ ಮುಂದಿನ ಮೆಟ್ಟಿಲುಗಳ ಮೇಲೆ ಸಂಜೆಯಾದರೆ ಹುಡುಗ ಹುಡುಗಿಯರು ಸಾಲಾಗಿ ಕೂತಿರುತ್ತಿದ್ದರು. ಒಳಗೆ ಹೋಗಬೇಕೆಂಬ ಆತುರವೂ ಇಲ್ಲ, ಜೇಬಿನಲ್ಲಿ ದುಡ್ಡೂ ಇಲ್ಲ. ಎದುರಿಗೆ ಹೊಸೂರು ರಸ್ತೆಯ ಟ್ರಾಫಿಕ್ ಗಂಟೆಗಟ್ಟಲೆ ನಿಂತಿರುತ್ತಿತ್ತು, ಇವರು ಅದನ್ನು ನೋಡುತ್ತ ಕೂತಿರುತ್ತಿದ್ದರು. ‘ಎಲ್ಲಿ ಸಿಗೋಣ?’ ಎಂದರೆ ‘ಫೋರಂ ಮುಂದೆ’ ಎನ್ನುವುದೇ ಉತ್ತರ.

ಒಳಗಿನ ದೊಡ್ಡ ಆಕರ್ಷಣೆ ಅಂಗಡಿಗಳಲ್ಲ, ಎಸ್ಕಲೇಟರ್. ಅಜ್ಜಿಯನ್ನು ಕರೆದುಕೊಂಡು ಹೋದ ದಿನ ನಾವು ಬಟ್ಟೆ ನೋಡಿದ್ದು ನೆನಪಿಲ್ಲ, ಆ ಮೆಟ್ಟಿಲೇರಿದ್ದು ನೆನಪಿದೆ. ಅಜ್ಜಿ ಸೀರೆಯ ನಿರಿಗೆಯನ್ನು ಎಡಗೈಯಲ್ಲಿ ಮೊಳಕಾಲವರೆಗೆ ಎತ್ತಿ ಹಿಡಿದು, ಬಲಗೈಯಲ್ಲಿ ನನ್ನ ತೋಳು ಗಟ್ಟಿಯಾಗಿ ಹಿಡಿದು, ಓಡುತ್ತಿದ್ದ ಹಳದಿ ಗೆರೆಯನ್ನೇ ದಿಟ್ಟಿಸುತ್ತ ನಿಂತುಬಿಟ್ಟರು. ಹಿಂದೆ ಹತ್ತಾರು ಜನ. ಅಲ್ಲಿದ್ದ ಸೆಕ್ಯುರಿಟಿಯವನು ಕನಕಪುರದ ಕಡೆಯವನಿರಬೇಕು, ಮಾತಿನ ಧಾಟಿಯಲ್ಲಿ ಗೊತ್ತಾಗುತ್ತಿತ್ತು. ‘ಬಲಗಾಲು ಮಡಗಿ ಅಜ್ಜಿ, ಒಳ್ಳೇದಾಯ್ತದೆ’ ಎಂದ. ಅಜ್ಜಿ ಹೊಸ ಮನೆಯ ಹೊಸಿಲು ದಾಟುವಷ್ಟು ಭಕ್ತಿಯಿಂದ ಬಲಗಾಲಿಟ್ಟರು. ಮೇಲೆ ಹೋದವರು ಇಳಿಯುವಾಗ ಮಾತ್ರ ಒಪ್ಪಲಿಲ್ಲ, ಇಳಿಯುವುದಕ್ಕೆ ಲಿಫ್ಟ್. ಆ ದಿನಗಳಲ್ಲಿ ಎಸ್ಕಲೇಟರ್ ಬುಡದಲ್ಲಿ ಕೈ ಕೊಡುವುದಕ್ಕೆಂದೇ ಜನ ನಿಂತಿರುತ್ತಿದ್ದರು.

ಮಾಲ್ ಹಿಡಿಸಿದ್ದಕ್ಕೆ ಇನ್ನೊಂದು ಕಾರಣವನ್ನು ಗಂಡಸರು ಬರೆಯುವ ಊರ ನೆನಪುಗಳಲ್ಲಿ ನಾನು ಕಂಡಿಲ್ಲ. ಚಿಕ್ಕಪೇಟೆಯಲ್ಲೋ ಮೆಜೆಸ್ಟಿಕ್ಕಿನಲ್ಲೋ ಇಡೀ ದಿನ ಸೀರೆ, ಪಾತ್ರೆ ಖರೀದಿ ಮಾಡುವ ಹೆಂಗಸರು ಬೆಳಿಗ್ಗೆಯಿಂದ ನೀರು ಕುಡಿಯದೆ ಮನೆ ಬಿಡುತ್ತಿದ್ದರು, ಯಾಕೆಂದರೆ ಪೇಟೆಯಲ್ಲಿ ಅವರಿಗೆ ಶೌಚಾಲಯವಿರಲಿಲ್ಲ. ಮಾಲ್ ಅದನ್ನು ಕೊಟ್ಟಿತು, ಚೊಕ್ಕಟವಾಗಿ, ಪುಕ್ಕಟೆಯಾಗಿ. ಹುಡುಗಿಯೊಬ್ಬಳು ರಾತ್ರಿ ಎಂಟು ಗಂಟೆಗೆ ಯಾರಿಗೂ ಕಾರಣ ಹೇಳದೆ ಒಬ್ಬಳೇ ಓಡಾಡುವ ಜಾಗವೂ ಅದಾಯಿತು. ಹಳೆ ಪೇಟೆಯ ಸೊಗಸನ್ನು ಹಾಡುವವರು ಇದಕ್ಕೆ ಏನೆನ್ನುತ್ತಾರೋ.

ಫೋರಂನಲ್ಲಿ ಪಿವಿಆರ್ ಹನ್ನೊಂದು ತೆರೆಗಳ ಮಲ್ಟಿಪ್ಲೆಕ್ಸ್ ತೆರೆದಾಗ ಅದು ದೇಶದಲ್ಲೇ ದೊಡ್ಡದು. ಅಲ್ಲಿ ಕನ್ನಡ ಸಿನಿಮಾ ಯಾರು ನೋಡುತ್ತಾರೆ ಎಂಬ ಮಾತಿತ್ತು. ಕೆ.ಜಿ. ರಸ್ತೆಯಲ್ಲಿ ಕಟೌಟ್ ನಿಲ್ಲಿಸಿ ಹಾಲೆರೆಯುವ ಚಿತ್ರಗಳಿಗೆ ಈ ಕಡೆಯ ಜನ ಬರುವುದಿಲ್ಲ, ಕಂಟೋನ್ಮೆಂಟಿನವರಿಗೆ ಇಂಗ್ಲಿಷ್ ಹಿಂದಿ ಸಾಕು ಎಂಬ ಲೆಕ್ಕ. 2006ರ ಡಿಸೆಂಬರ್ 29ರಂದು ಬಿಡುಗಡೆಯಾದ ಯೋಗರಾಜ ಭಟ್ಟರ ‘ಮುಂಗಾರು ಮಳೆ’ ಆ ಲೆಕ್ಕವನ್ನು ತಲೆಕೆಳಗು ಮಾಡಿತು. ಪಿವಿಆರ್‌ನಲ್ಲಿ ಅದು ಒಂದು ವರ್ಷಕ್ಕೂ ಹೆಚ್ಚು ಓಡಿತು; ಮಲ್ಟಿಪ್ಲೆಕ್ಸ್ ಒಂದರಲ್ಲಿ ವರ್ಷ ಪೂರೈಸಿದ ಮೊದಲ ಭಾರತೀಯ ಚಿತ್ರ ಎಂಬ ಹೆಸರು ಪಡೆಯಿತು. ಟೆಕ್ಕಿ ಹುಡುಗರು ಬ್ಯಾಡ್ಜ್ ಕೊರಳಲ್ಲೇ ಇಟ್ಟುಕೊಂಡು ಬಂದರು, ಮಲೆನಾಡಿನಿಂದ ಬಂದು ಪೀಜಿಯಲ್ಲಿದ್ದವರು ಜೋಗ ನೋಡಿ ಊರು ನೆನೆದು ಅತ್ತರು, ಚಾಮರಾಜಪೇಟೆಯ ಮಾಮಿಯರು ಬಸ್ ಬದಲಿಸಿಕೊಂಡು ಬಂದರು. ಕನ್ನಡ ಮಾತಾಡಿದರೆ ಯಾರಾದರೂ ತಿರುಗಿ ನೋಡುತ್ತಾರೇನೋ ಎಂದು ಮಾಲ್‌ನೊಳಗೆ ದನಿ ತಗ್ಗಿಸುತ್ತಿದ್ದವರು ಆಮೇಲೆ ಫುಡ್ ಕೋರ್ಟಿನಲ್ಲಿ ಜೋರಾಗಿಯೇ ಮಾತಾಡಿದರು.

ಇದೆಲ್ಲ 2004ಕ್ಕೆ ಆಕಾಶದಿಂದ ಉದುರಿದ್ದಲ್ಲ. ಬೆಂಗಳೂರಿಗರ ಮಾಲ್‌ನ ಪೂರ್ವಜ ಕಾಂಪ್ಲೆಕ್ಸು. ದಕ್ಷಿಣದವರಿಗೆ ಅದೆಂದರೆ ಜಯನಗರ ನಾಲ್ಕನೇ ಬ್ಲಾಕು. ಬಸ್ ನಿಲ್ದಾಣದ ಮಗ್ಗುಲಲ್ಲಿ ತರಕಾರಿ, ಹೂವು, ಹಣ್ಣು, ಸ್ಟೀಲ್ ಪಾತ್ರೆ, ಬಳೆ, ರವಿಕೆ ಕಣ. ಸೀರೆಗೆ ಫಾಲ್ಸ್ ಹಚ್ಚುವವರು, ಬೀಗದ ಕೈ ಮಾಡುವವರು. ಜೂನ್ ಬಂದರೆ ಪಠ್ಯಪುಸ್ತಕಕ್ಕೆ ನಾಗಶ್ರೀ ಬುಕ್ ಹೌಸಿನ ಮುಂದೆ ಜನ. ಮೇಲಿನ ಮಹಡಿಗಳಲ್ಲಿ ಸರ್ಕಾರಿ ಕಚೇರಿ. ಅದೇ ಆವರಣದಲ್ಲಿ ನಿರ್ದೇಶಕ ಪುಟ್ಟಣ್ಣ ಕಣಗಾಲರ ಹೆಸರಿನ ಥಿಯೇಟರ್ ಇತ್ತು, ಈಗಿಲ್ಲ. ಸಿನಿಮಾ, ಸೊಪ್ಪು, ಸರ್ಕಾರಿ ಕೆಲಸ ಮೂರೂ ಒಂದೇ ಕಡೆ ಮುಗಿಯುತ್ತಿತ್ತು. ಮೆಟ್ಟಿಲ ಮೂಲೆಯ ವಾಸನೆಗೆ ಮಾತ್ರ ಮೂಗು ಮುಚ್ಚಿಕೊಳ್ಳಬೇಕಿತ್ತು. ಇಂದಿರಾನಗರ, ಕೋರಮಂಗಲಗಳಲ್ಲೂ ಬಿಡಿಎ ಇಂಥವನ್ನು ಕಟ್ಟಿಸಿತು. ಬಡಾವಣೆಯೊಂದನ್ನು ಮಾಡಿದರೆ ಅದಕ್ಕೊಂದು ಪೇಟೆಯನ್ನೂ ಮಾಡಿಕೊಡಬೇಕು ಎಂಬ ತಿಳಿವಳಿಕೆ ಆಗಿನವರಿಗಿತ್ತು. ಎಂ.ಜಿ. ರಸ್ತೆಯ ಪಬ್ಲಿಕ್ ಯುಟಿಲಿಟಿ ಬಿಲ್ಡಿಂಗ್ ಪಾಲಿಕೆಯದು. 1973ರಲ್ಲಿ ಎದ್ದ ಆ 25 ಅಂತಸ್ತಿನ ಕಟ್ಟಡವನ್ನು ಹಳ್ಳಿಯಿಂದ ಬಂದ ನೆಂಟರಿಗೆ ತೋರಿಸುವುದು ಒಂದು ಕಾರ್ಯಕ್ರಮವೇ ಆಗಿತ್ತು. ಕತ್ತೆತ್ತಿ ಮಹಡಿ ಎಣಿಸುವುದು, ಎಣಿಕೆ ತಪ್ಪುವುದು, ಮತ್ತೆ ಮೊದಲಿಂದ.

ಮಕ್ಕಳ ಪಾಲಿನ ಸ್ವರ್ಗ ಬೇರೆ ಇತ್ತು. ಎಂ.ಜಿ. ರಸ್ತೆಯ ಬಿಗ್ ಕಿಡ್ಸ್ ಕೆಂಪ್, ಆಮೇಲೆ ಏರ್‌ಪೋರ್ಟ್ ರಸ್ತೆಯಲ್ಲಿ ಕೋಟೆಯ ವೇಷ ತೊಟ್ಟ ಕೆಂಪ್ ಫೋರ್ಟ್. ಕೋಟೆಯ ಹಿಂದೆ 65 ಅಡಿ ಎತ್ತರದ ಶಿವ. 1995ರಲ್ಲಿ ಪ್ರತಿಷ್ಠಾಪನೆಯಾದ ಆ ವಿಗ್ರಹವನ್ನು ನೋಡುವ ನೆಪದಲ್ಲಿ ಅಂಗಡಿಗೂ, ಅಂಗಡಿಯ ನೆಪದಲ್ಲಿ ಶಿವನಲ್ಲಿಗೂ ಜನ ಹೋಗುತ್ತಿದ್ದರು. ದೊಡ್ಡವರು ಕೈಮುಗಿಯುತ್ತಿದ್ದಾಗ ಮಕ್ಕಳ ಕಣ್ಣು ಕೋಟೆಯ ಕಡೆಗೇ ಇರುತ್ತಿತ್ತು. ಕೋಟೆ ಆಮೇಲೆ ಟೋಟಲ್ ಮಾಲ್ ಆಯಿತು. ಶಿವ ಅಲ್ಲೇ ಇದ್ದಾನೆ.

ಅದೇ 1995 ಇನ್ನೊಂದು ಕಾರಣಕ್ಕೂ ಊರಿನ ಚರಿತ್ರೆಯಲ್ಲಿ ನಿಲ್ಲಬೇಕು. ಆ ಜೂನ್‌ನಲ್ಲಿ ದೇಶದ ಮೊದಲ ಕೆಎಫ್‌ಸಿ ಬ್ರಿಗೇಡ್ ರಸ್ತೆಯಲ್ಲಿ ತೆರೆಯಿತು. 1996ರ ಜನವರಿ 30ರಂದು ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ರೈತ ಸಂಘದ ಕಾರ್ಯಕರ್ತರು ಅದರೊಳಗೆ ನುಗ್ಗಿ ಗಾಜು, ಮೇಜು ಪುಡಿ ಮಾಡಿದರು. ಬಹುರಾಷ್ಟ್ರೀಯ ಕಂಪನಿಗಳು, ಬೀಜ, ಪೇಟೆಂಟು ಎಂದೆಲ್ಲ ಅವರು ಎತ್ತಿದ ಪ್ರಶ್ನೆಗಳನ್ನು ಬ್ರಿಗೇಡ್ ರಸ್ತೆಯಲ್ಲಿ ಅಡ್ಡಾಡುತ್ತಿದ್ದವರು ಹೆಚ್ಚು ಕಿವಿಗೆ ಹಾಕಿಕೊಳ್ಳಲಿಲ್ಲ. ಒಡೆದ ಗಾಜಿನ ಸುದ್ದಿ ಕೇಳಿ ಅದೇನಿದೆ ನೋಡಿಬರೋಣ ಎಂದು ಹೋದವರೇ ಹೆಚ್ಚಿರಬೇಕು.

ಆಮೇಲಿನದು ಒಂದರ ಮೇಲೊಂದು. ರೆಸಿಡೆನ್ಸಿ ರಸ್ತೆಯ ವಿಕ್ಟೋರಿಯಾ ಹೋಟೆಲ್ ಇದ್ದ ಜಾಗದಲ್ಲಿ 2004ರಲ್ಲಿ ಬೆಂಗಳೂರು ಸೆಂಟ್ರಲ್. ಮರಗಳ ಕೆಳಗೆ ಮೇಜು ಹಾಕಿ ಕೊಡುತ್ತಿದ್ದ ಊಟ ಹೋಗಿ ಜೀನ್ಸ್ ಪ್ಯಾಂಟು ಬಂತು. ಮ್ಯಾಗ್ರತ್ ರಸ್ತೆಯಲ್ಲಿ ಪಾಲಿಕೆಯ ನೆಲದ ಮೇಲೆ, ಬಹುಮಹಡಿ ಪಾರ್ಕಿಂಗ್ ಸಿಗುತ್ತದೆ ಎಂಬ ಒಪ್ಪಂದದ ಮೇಲೆ, 2005ರಲ್ಲಿ ಗರುಡಾ. ಗ್ರಾಂಟ್ ರಸ್ತೆ ವಿಠಲ್ ಮಲ್ಯ ರಸ್ತೆಯಾಗಿತ್ತು. ಅಲ್ಲಿನ ಯುನೈಟೆಡ್ ಬ್ರೂವರೀಸ್‌ನ ಬಿಯರ್ ಕಾರ್ಖಾನೆಯ ಜಾಗದಲ್ಲಿ 2008ರಲ್ಲಿ ಯುಬಿ ಸಿಟಿ. ಮಲ್ಲೇಶ್ವರದಲ್ಲಿ ರಾಜಾ ಮಿಲ್‌ನ ಜಾಗಕ್ಕೆ 2010ರಲ್ಲಿ ಮಂತ್ರಿ ಸ್ಕ್ವೇರ್. ರಾಜಾಜಿನಗರದ ಅಂಚಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್‌ನ ಕಾರ್ಖಾನೆಯ ಜಾಗಕ್ಕೆ 2012ರಲ್ಲಿ ಓರಾಯನ್. ಅಲಂಕಾರ್ ಥಿಯೇಟರ್ ಮೊದಲೇ ಅಲಂಕಾರ್ ಪ್ಲಾಜಾ ಆಗಿತ್ತು, ಹಲಸೂರಿನ ಲಿಡೋ ಮಾಲ್ ಆಯಿತು, ಎಂ.ಜಿ. ರಸ್ತೆಯ ಪ್ಲಾಜಾ ನೆಲಸಮವಾಯಿತು. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಡಿಸೆಂಬರ್ ಕೊನೆಗೆ ಬಾಗಿಲೆಳೆಯಿತು. ಈ ಪಟ್ಟಿಯನ್ನು ಒಮ್ಮೆ ನಿಧಾನವಾಗಿ ಓದಿದರೆ ಊರು ಏನು ಮಾಡಿಕೊಂಡಿತೆಂದು ಕಾಣುತ್ತದೆ. ಮಿಲ್ಲು, ಫ್ಯಾಕ್ಟರಿ, ಸಿನಿಮಾ ಮಂದಿರ: ಬೆವರು ಸುರಿಸಿದ ಜಾಗ ಮತ್ತು ಬೆವರಾರಿಸಿಕೊಂಡ ಜಾಗ, ಎರಡನ್ನೂ ಮಾರಿ ಕೊಳ್ಳುವ ಜಾಗ ಮಾಡಿದರು.

ಮಂತ್ರಿ ಸ್ಕ್ವೇರ್‌ನ ಮಾತು ಸ್ವಲ್ಪ ಬೇರೆ. 2014ರ ಮಾರ್ಚ್‌ನಲ್ಲಿ ಸಂಪಿಗೆ ರಸ್ತೆಯವರೆಗೆ ಮೆಟ್ರೋ ಬಂದ ಮೇಲೆ ನಿಲ್ದಾಣಕ್ಕೂ ಮಾಲ್‌ಗೂ ಹಾದಿಯಾಯಿತು. ಮಲ್ಲೇಶ್ವರದ ಹಿರಿಯರಿಗೆ ಮಾಲ್ ಒಂದು ಓಣಿಯಾಗಿ ಒದಗಿತು. ಎಂಟನೇ ಅಡ್ಡರಸ್ತೆಯಲ್ಲಿ ಹೂವು ತರಕಾರಿ ಕೊಂಡು, ಚೀಲ ಹಿಡಿದು, ಬ್ರಾಂಡೆಡ್ ಶೂಗಳ ಅಂಗಡಿಗಳ ನಡುವೆ ಸೊಪ್ಪಿನ ಕಟ್ಟು ಹೊರಗಿಣುಕುತ್ತಿದ್ದಂತೆ ನಡೆದು ಬಂದು ರೈಲು ಹತ್ತುವುದು. ಕಟ್ಟಿದವರ ನಕ್ಷೆಯಲ್ಲಿ ಆ ದಂಟಿನ ಸೊಪ್ಪಿಗೆ ಜಾಗವಿತ್ತೋ ಇಲ್ಲವೋ.

ಫೋರಂನಲ್ಲಿ ಲ್ಯಾಂಡ್‌ಮಾರ್ಕ್ ಎಂಬ ವಿಶಾಲ ಪುಸ್ತಕದಂಗಡಿ ಇತ್ತು. ಕೊಳ್ಳದೆ ಕೂತು ಓದಿದರೂ ಯಾರೂ ಎಬ್ಬಿಸುತ್ತಿರಲಿಲ್ಲ. 2007ರಲ್ಲಿ ಅದೇ ಕೋರಮಂಗಲದ ಒಂದು ಮನೆಯಲ್ಲಿ ಇಬ್ಬರು ಹುಡುಗರು ಇಂಟರ್ನೆಟ್ಟಿನ ಮೇಲೆ ಪುಸ್ತಕ ಮಾರಲು ಶುರು ಮಾಡಿ ಫ್ಲಿಪ್‌ಕಾರ್ಟ್ ಎಂದು ಹೆಸರಿಟ್ಟರು. ಲ್ಯಾಂಡ್‌ಮಾರ್ಕ್ ಈಗಿಲ್ಲ. ಮಾಲ್‌ಗೆ ಕೊಡಲಿ ಪೆಟ್ಟು ಬಿದ್ದದ್ದು ರೈತ ಸಂಘದಿಂದಲ್ಲ, ನಡೆದು ಹೋಗುವಷ್ಟು ದೂರದ ನೆರೆಮನೆಯಿಂದ. ಈಗ ಊರಿನ ಕೆಲವು ಚಿಕ್ಕ ಮಾಲ್‌ಗಳಲ್ಲಿ ಮಹಡಿ ಮಹಡಿಯೇ ಶಟರ್ ಎಳೆದುಕೊಂಡಿದೆ. ಮೇಲೆ ಸಿನಿಮಾ, ಕೆಳಗೆ ದಿನಸಿ, ನಡುವೆ ಎಸ್ಕಲೇಟರ್ ಖಾಲಿ ಓಡುತ್ತದೆ. ಫೋರಂನ ಹೆಸರೂ ಬದಲಾಗಿ ನೆಕ್ಸಸ್ ಆಗಿದೆ. ಆಟೋದವರಿಗೆ ಹಾಗೆ ಹೇಳಿ ನೋಡಿ, ‘ಫೋರಂ ತಾನೇ ಸಾರ್?’ ಎನ್ನುತ್ತಾರೆ.

ಹೊಸ ಮಾಲ್‌ಗಳು ಬರುತ್ತಲೇ ಇವೆ, ಹಿಂದಿನದರ ಎರಡರಷ್ಟು ಮೂರರಷ್ಟು ದೊಡ್ಡವು. ಬ್ಯಾಟರಾಯನಪುರದ ಮಾಲ್ ಆಫ್ ಏಷ್ಯಾ 2023ರಲ್ಲಿ ತೆರೆಯಿತು. ಆ ಡಿಸೆಂಬರ್‌ನಲ್ಲೇ ನಾಮಫಲಕಗಳಲ್ಲಿ ಕನ್ನಡ ಶೇ 60ರಷ್ಟಿರಬೇಕೆಂದು ಕರ್ನಾಟಕ ರಕ್ಷಣಾ ವೇದಿಕೆಯವರು ಅದರ ಮುಂದೆ ಬಂದು ಫಲಕ ಕಿತ್ತರು. ‘ಮುಂಗಾರು ಮಳೆ’ ಓಡಿ ಹದಿನೇಳು ವರ್ಷವಾದ ಮೇಲೂ ಬೆಂಗಳೂರಿನ ಮಾಲ್‌ಗೆ ಬೆಂಗಳೂರಿನ ಮಾತನ್ನು ನೆನಪು ಮಾಡಿಕೊಡಬೇಕಾಗಿ ಬಂತು.

ಈ ಕಟ್ಟಡಗಳನ್ನು ನಾನು ಪ್ರೀತಿಯಿಂದಲೇ ನೆನೆಯುತ್ತೇನಾದರೂ ಒಂದನ್ನು ಮರೆಮಾಚಿ ನೆನೆಯಲಾರೆ: ಬಾಗಿಲಲ್ಲಿ ನಿಂತವನ ಕಣ್ಣು. ಚಪ್ಪಲಿ ನೋಡುವುದು, ಚೀಲ ನೋಡುವುದು, ಆಮೇಲೆ ಮುಖ. ಮೆಟ್ಟಿಲ ಮೇಲೆ ಯಾರು ಬೇಕಾದರೂ ಕೂರಬಹುದಿತ್ತು, ಒಳಗೆ ಮಾತ್ರ ನೋಡಿ ಬಿಡುತ್ತಿದ್ದರು. ಕೋರಮಂಗಲದ ಈಜಿಪುರದಿಂದ ಮನೆಗೆಲಸಕ್ಕೆ ಹೋಗುವವರು ಫೋರಂನ ಬೀದಿಯಲ್ಲೇ ದಿನವೂ ನಡೆದರೂ ಅದರೊಳಗೆ ಕಾಲಿಟ್ಟವರು ಎಷ್ಟು ಮಂದಿ ಎಂದು ನಾವ್ಯಾರೂ ಕೇಳಿಕೊಳ್ಳಲಿಲ್ಲ. 2024ರ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲೊಂದಕ್ಕೆ ಹಾವೇರಿ ಕಡೆಯ ರೈತರೊಬ್ಬರು ಮಗನ ಜೊತೆ ಸಿನಿಮಾ ನೋಡಲು ಬಂದರು, ಟಿಕೆಟ್ ಕೈಯಲ್ಲಿತ್ತು. ಪಂಚೆ ಉಟ್ಟವರನ್ನು ಬಿಡುವುದಿಲ್ಲ ಎಂದು ಬಾಗಿಲಲ್ಲೇ ತಡೆದರು. ಮರುದಿನ ಮಾಲ್ ಮುಂದೆ ಪಂಚೆಯುಟ್ಟವರ ಪ್ರತಿಭಟನೆ, ಕ್ಷಮೆ, ಸನ್ಮಾನ; ವಿಧಾನಸಭೆಯಲ್ಲಿ ಗದ್ದಲವಾಗಿ ಏಳು ದಿನ ಮಾಲ್ ಮುಚ್ಚಿಸುವುದಾಗಿ ಸರ್ಕಾರ ಹೇಳಿತು.

ಜಯನಗರದ ಕಾಂಪ್ಲೆಕ್ಸಿನಲ್ಲಿ ಈ ತಕರಾರು ಏಳುವುದಿಲ್ಲ. ಅಲ್ಲಿ ತಡೆಯುವವರೇ ಇಲ್ಲ, ನಾಲ್ಕು ಕಡೆಯಿಂದಲೂ ದಾರಿ. ಪಂಚೆಯವರು ಬೆಳಿಗ್ಗೆ ಬಂದು ಬಾಳೆಲೆ, ವೀಳ್ಯದೆಲೆ ಚೌಕಾಸಿ ಮಾಡಿ ಒಯ್ಯುತ್ತಾರೆ. ಅಲ್ಲಿ ಜಗಳವೇನಿದ್ದರೂ ಸ್ಕೂಟರ್ ನಿಲ್ಲಿಸುವ ಜಾಗಕ್ಕೆ.